ಪ್ರತಿಕ್ರಿಯೆ: ಕಂಪನದ ಅಳತೆಯನ್ನು ಊರವರು ನಂಬದಿದ್ದರೆ

ಗಣಿ ಸ್ಫೋಟದ ಕಂಪನ ಮಿತಿಯೊಳಗೇ ಇದ್ದರೂ ಗೋಡೆ ಬಿರುಕಿನ ದೂರು ನಿಲ್ಲುತ್ತಿಲ್ಲ, ನಮ್ಮ ಅಳತೆಯನ್ನು ಊರವರು ನಂಬುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಅವರ ಅನುಮಾನಕ್ಕೆ ಕಾರಣವಿದೆ. ಸೆಕೆಂಡಿಗೆ 1 ಮಿ.ಮೀ. ಕಂಪನವೂ ಮೈಗೆ ಚೆನ್ನಾಗಿ ತಿಳಿಯುತ್ತದೆ. ಗಾರೆ ಬಿರುಕು ಬಿಡಲು ಸಾಮಾನ್ಯವಾಗಿ ಅದರ ಹಲವು ಪಟ್ಟು ಬೇಕು. ಕಿಟಕಿ ಅದುರುವುದು ಎಷ್ಟೋ ಸಲ ಸ್ಫೋಟ ಎಬ್ಬಿಸುವ ಗಾಳಿಯ ಒತ್ತಡದಿಂದ, ನೆಲದ ಕಂಪನದಿಂದಲ್ಲ. ಹಾಗಾಗಿ ಎರಡನ್ನೂ ಅಳೆಯಿರಿ.

ಮಾಪಕ ನಿಮ್ಮ ಕಚೇರಿ ಪಕ್ಕದಲ್ಲಲ್ಲ, ದೂರು ಕೊಟ್ಟವರ ಮನೆಯ ತಳಪಾಯದ ಹತ್ತಿರ ಇರಲಿ. ಅದರ ಸಂವೇದಕವನ್ನು, ಅಂದರೆ ಕಂಪನ ಗ್ರಹಿಸುವ ಭಾಗವನ್ನು, ಮಣ್ಣಲ್ಲಿ ಹೂಳಿ. ಸಡಿಲವಾಗಿಟ್ಟರೆ ಅಂಕಿ ಕೆಡುತ್ತದೆ. ಜಾಗವನ್ನು ಅವರೇ ಆರಿಸಲಿ. ಅಂಕಿಯನ್ನು ಅವರೆದುರೇ ಓದಿ, ಅದೇ ದಿನ ಊರ ಫಲಕದಲ್ಲಿ ಬರೆಯಿರಿ, ಮಿತಿ ಮೀರಿದ ದಿನದ್ದನ್ನೂ. ಅದೊಂದನ್ನು ಮುಚ್ಚಿಟ್ಟದ್ದು ಗೊತ್ತಾದರೆ ವರ್ಷಗಳ ಅಳತೆಯೆಲ್ಲ ವ್ಯರ್ಥ.

ಹೊಸ ಭಾಗದಲ್ಲಿ ಸ್ಫೋಟ ಶುರುವಾಗುವ ಮೊದಲೇ ಪ್ರತಿ ಮನೆಯ ಬಿರುಕುಗಳ ಪಕ್ಕ ಅಳತೆಪಟ್ಟಿ ಇಟ್ಟು, ದಿನಾಂಕ ಸಮೇತ ಫೋಟೊ ತೆಗೆಸಿ, ಮನೆಯವರಿಗೂ ಒಂದು ಪ್ರತಿ ಕೊಡಿ. ಈ ಕೆಲಸ ನಿಮ್ಮ ನೌಕರರದ್ದಲ್ಲ, ಎರಡೂ ಕಡೆಯವರು ಒಪ್ಪಿದ ಎಂಜಿನಿಯರ್‌ದು. ಸ್ಫೋಟ ಈಗಾಗಲೇ ನಡೆಯುತ್ತಿದ್ದರೆ ಇವತ್ತೇ ಬಿರುಕುಗಳಿಗೆ ಅಡ್ಡಲಾಗಿ ಬಿರುಕುಮಾಪಕ ಅಂಟಿಸಿ. ಕಂಪನ ಹೆಚ್ಚು ಬಂದರೆ ಒಂದು ಡಿಲೇಗೆ, ಅಂದರೆ ಮಿಲಿಸೆಕೆಂಡುಗಳ ಅಂತರದಲ್ಲಿ ಸರದಿಯಂತೆ ನಡೆಯುವ ಸಿಡಿತಗಳಲ್ಲಿ ಒಂದೊಂದಕ್ಕೆ, ಸಿಡಿಯುವ ಸ್ಫೋಟಕದ ತೂಕ ಇಳಿಸಿ. ಗಾಳಿಯ ಒತ್ತಡ ಹೆಚ್ಚಾದರೆ ಸ್ಫೋಟಕ ಇಟ್ಟ ರಂಧ್ರದ ಬಾಯಿಗೆ ಜಲ್ಲಿ ಸರಿಯಾಗಿ ತುಂಬಿದ್ದಾರೆಯೇ ನೋಡಿ.