ಫಿಲ್ ಹಾರ್ವೆ ಲೇಖನ: ಕಥೆ ಹಿಂದುಮುಂದಾಗಿದೆ

ನಮಸ್ಕಾರ. ಅಮೆರಿಕದ ಉದ್ಯಮಿ ಫಿಲ್ ಹಾರ್ವೆ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ವಿಷಯ ತುಂಬಾ ಚೆನ್ನಾಗಿದೆ, ಅದಕ್ಕೇ ನೇರವಾಗಿ ಹೇಳುತ್ತೇನೆ: ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

"ಕೆಸರಿನಲ್ಲಿ ಅರಳಿದ ಕಮಲ" ಅಂತ ಶುರು ಮಾಡಿದ್ದೀರಿ. ನೀಲಿಚಿತ್ರ ಮಾರಿ ದುಡ್ಡು ಮಾಡಿದವನು ಕೊನೆಗೆ ಪ್ರಾಯಶ್ಚಿತ್ತಕ್ಕೆ ದಾನಿಯಾದ ಅಂತ ಮುಗಿಸಿದ್ದೀರಿ. ನಡೆದಿದ್ದು ಉಲ್ಟಾ ಅಲ್ವಾ? ಆತ 1960ರ ದಶಕದಲ್ಲಿ ಕೇರ್ ಎಂಬ ನೆರವು ಸಂಸ್ಥೆಯ ಪರವಾಗಿ ಭಾರತಕ್ಕೆ ಬಂದು ಶಾಲೆ ಮಕ್ಕಳಿಗೆ ಊಟ ಒದಗಿಸುವ ಕೆಲಸದಲ್ಲಿದ್ದವರು. ಊಟ ಹಾಕಿದರಷ್ಟೇ ಸಾಲದು, ಬೇಡದ ಬಸಿರು ತಡೆಯುವ ದಾರಿಯೂ ಜನರ ಕೈಗೆ ಸಿಗಬೇಕು ಅನ್ನಿಸಿದ್ದು ಇಲ್ಲೇ. ವಾಪಸ್ ಹೋಗಿ ಉತ್ತರ ಕೆರೊಲಿನಾದಲ್ಲಿ ಓದುತ್ತಾ, ಟಿಮ್ ಬ್ಲ್ಯಾಕ್ ಎಂಬ ಬ್ರಿಟಿಷ್ ವೈದ್ಯರ ಜೊತೆ ಸೇರಿ 1970ರಲ್ಲಿ ಅಂಚೆಯಲ್ಲಿ ಕಾಂಡೋಮ್ ಮಾರಲು ಶುರು ಮಾಡಿದರು. ಗರ್ಭನಿರೋಧಕಗಳನ್ನು ಅಂಚೆಯಲ್ಲಿ ಕಳಿಸಬಾರದು ಅನ್ನುತ್ತಿದ್ದ ಅಮೆರಿಕದ 1873ರ ಕಾಮ್‌ಸ್ಟಾಕ್ ಕಾನೂನಿನ ಪ್ರಕಾರ ಆಗಲೂ ಅದು ಅಪರಾಧ! ಲಾಭ ಕುಟುಂಬ ಯೋಜನೆಗೆ ಹೋಗಲಿ ಅನ್ನುವುದೇ ಲೆಕ್ಕ. ಅವರ ಆಡಂ ಅಂಡ್ ಈವ್ ಕಂಪನಿಯ ವಯಸ್ಕರ ಸಿನಿಮಾ ವ್ಯಾಪಾರ ಬೆಳೆದಿದ್ದು ಆಮೇಲೆ.

ಆ ವ್ಯಾಪಾರವನ್ನು "ಒಂದು ಬಗೆಯ ಉದ್ಯಮ" ಅಂತ ಮುಚ್ಚಿಟ್ಟಿದ್ದೀರಿ. ಯಾಕೆ? ಮುಜುಗರ ಬಿಟ್ಟು ಬರೆಯಿರಿ. 1986ರಲ್ಲಿ ಪೊಲೀಸರು ಆ ಕಂಪನಿ ಮೇಲೆ ದಾಳಿ ಮಾಡಿ ಅಶ್ಲೀಲತೆಯ ಕೇಸು ಹಾಕಿದ್ದು, ಮರುವರ್ಷ ಜ್ಯೂರಿ ಕೆಲವೇ ನಿಮಿಷಗಳಲ್ಲಿ ತಪ್ಪಿಲ್ಲ ಅಂದಿದ್ದು, ಇದನ್ನೆಲ್ಲ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಲ್ಲ.

ನನಗೆ ನಿಜವಾಗಿ ಬೇಜಾರಾಗಿದ್ದು ಇನ್ನೊಂದಕ್ಕೆ. ಹಾರ್ವೆ 1989ರಲ್ಲಿ ಕಟ್ಟಿದ ಕುಟುಂಬ ಯೋಜನೆ ಸಂಸ್ಥೆ ಡಿಕೆಟಿಯ ಹೆಸರನ್ನು ಸುಮ್ನೆ ಮೂರು ಅಕ್ಷರವಾಗಿ ಬಿಟ್ಟಿದ್ದೀರಿ. ಅದು ಡಿ. ಕೆ. ತ್ಯಾಗಿ, ನಮ್ಮ ದೇಶದ ಕುಟುಂಬ ಯೋಜನೆ ಅಧಿಕಾರಿ. ಸರ್ಕಾರಿ ಆಸ್ಪತ್ರೆ ಗೋಡೆ ಮೇಲೆ ತುದಿ ಕೆಳಗಾಗಿ ಬರೆದಿರುತ್ತಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಪಕ್ಕದಲ್ಲಿ "ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ" ನೆನಪಿದೆಯಾ? ಆ ತ್ರಿಕೋನದ ಪ್ರಚಾರದ ಹಿಂದಿದ್ದವರು ಅವರೇ. ಕನ್ನಡ ಓದುಗರಿಗೆ ಬಾಗಿಲು ಇಲ್ಲೇ ಇದೆ, ನೀವು ಅಮೆರಿಕದಿಂದ ಸುತ್ತಿಕೊಂಡು ಬಂದಿದ್ದೀರಿ.

"ದಾನ" ಅನ್ನುವ ಪದವೂ ಜಾಸ್ತಿಯಾಯಿತು. ಡಿಕೆಟಿ ಗರ್ಭನಿರೋಧಕಗಳನ್ನು ಪುಕ್ಕಟೆ ಹಂಚುವುದನ್ನೇ ನೆಚ್ಚಿಕೊಳ್ಳಲಿಲ್ಲ, ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಮಾರಿತು. ನಮ್ಮಲ್ಲಿ 1968ರಲ್ಲೇ 15 ಪೈಸೆಗೆ ಸರ್ಕಾರದ ಮೂರು ನಿರೋಧ್ ಕಾಂಡೋಮ್ ಸಿಗುತ್ತಿತ್ತಲ್ಲ, ಅದೇ ದಾರಿ.

ಕಮಲ ತೆಗೆದುಹಾಕಿ, ತ್ರಿಕೋನದಿಂದ ಶುರು ಮಾಡಿ. ಮೊದಲ ಎರಡು ಪುಟ ಬರೆದು ಕಳಿಸಿ, ಬಂದ ದಿನವೇ ಓದುತ್ತೇನೆ.