ನಾಲ್ಕು ವರ್ಷದ ಮಗಳು, ಮರೆವಿನ ಮಾವ: ಮೊದಲು ಯಾವ ಪುಸ್ತಕ ಓದಲಿ?

ಅಂಕೋಲಾದಿಂದ ನೀವು ಕೇಳಿದ್ದು ಇಷ್ಟು. ನಾಲ್ಕು ವರ್ಷದ ಮಗಳಿಗೆ ಆಟಿಸಂ ಇದೆ ಅಂತ ಹೋದ ತಿಂಗಳು ಹೇಳಿದ್ದಾರೆ. ಮನೆಯಲ್ಲಿ ಮಾವನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಓದಲು ಒಳ್ಳೆಯ ಪುಸ್ತಕ ಬೇಕು, ಆದರೆ ಜಾಸ್ತಿ ಓದುವಷ್ಟು ಹೊತ್ತು ಸಿಗುವುದಿಲ್ಲ. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲೂ ಇವೆರಡೂ ಒಟ್ಟಿಗೇ ಇದ್ದವು. ನಾವು ಶಿರಸಿ ಹತ್ತಿರದ ಹಳ್ಳಿಯವರು. ಮಗನಿಗೆ ಈಗ 17. ಅತ್ತೆ ಆರು ವರ್ಷ ಮರೆವಿನಲ್ಲಿ ಕಳೆದು, ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು.

ದಪ್ಪ ವೈದ್ಯಕೀಯ ಪುಸ್ತಕದಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿದ್ದೆ. ಮಗನಿಗೆ ಆಟಿಸಂ ಅಂದ ವಾರವೇ ಹುಬ್ಬಳ್ಳಿಗೆ ಹೋಗಿ ಒಂದು ದಪ್ಪ ಪುಸ್ತಕ ತಂದೆ. ಅದರ ತುಂಬ ಇಂಥ ಮಕ್ಕಳಿಗೆ ಏನೇನು ಬರುವುದಿಲ್ಲ ಅನ್ನುವ ಪಟ್ಟಿ. ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಬೇರೆ ಮಕ್ಕಳ ಜೊತೆ ಸೇರುವುದಿಲ್ಲ. ಎಲ್ಲವೂ ನಿಜವೇ. ಆದರೆ ನಾಳೆ ಬೆಳಿಗ್ಗೆ ಅವನಿಗೆ ಹಲ್ಲು ಉಜ್ಜಿಸುವುದು ಹೇಗೆ ಅನ್ನುವುದು ಅದರಲ್ಲಿ ಇರಲಿಲ್ಲ. ಮೂರು ರಾತ್ರಿ ಓದಿ, ಮೂರು ರಾತ್ರಿಯೂ ಅತ್ತು, ಅದನ್ನು ಅಟ್ಟಕ್ಕೆ ಹಾಕಿದೆ.

ಒಂದೇ ಪುಸ್ತಕ ಓದುತ್ತೇನೆ ಅಂದರೆ ಅಮೆರಿಕದ ಆಟಿಸಂ ತಜ್ಞ ಬ್ಯಾರಿ ಪ್ರಿಜಂಟ್ ಅವರ 'ಯುನೀಕ್ಲಿ ಹ್ಯೂಮನ್' ಓದಿ. 2015ರಲ್ಲಿ ಬಂದದ್ದು, ಇಂಗ್ಲಿಷ್ ಸುಲಭವಾಗಿದೆ. ಅವರು ಹೇಳುವುದು ಒಂದೇ ಸಂಗತಿ. ಮಗು ಕೈ ಬೀಸಿದರೆ, ಸುತ್ತು ಹಾಕಿದರೆ, ಹೇಳಿದ್ದನ್ನೇ ಹೇಳಿದರೆ ಅದನ್ನು ನಿಲ್ಲಿಸಲು ಹೋಗುವ ಮೊದಲು ಯಾಕೆ ಮಾಡುತ್ತಿದೆ ಅಂತ ಕೇಳಿ. ಬಹಳ ಸಲ ಅದು ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ, ಇಲ್ಲವೇ ಅದಕ್ಕೆ ಗೊತ್ತಿರುವ ಒಂದೇ ಮಾತು.

ನಮ್ಮವನು ಐದಾರು ವರ್ಷದವನಿದ್ದಾಗ ಎಲ್ಲಿ ಹೋದರೂ "ಯಾರ್ರೀ ಇಳಿಯೋರು" ಅನ್ನುತ್ತಿದ್ದ. ಬಸ್ಸಿನ ಕಂಡಕ್ಟರ್ ಕೂಗುವ ಹಾಗೇ, ಅದೇ ಧಾಟಿಯಲ್ಲಿ. ಮದುವೆ ಮನೆಯಲ್ಲಿ ಧಾರೆ ಎರೆಯುವ ಹೊತ್ತಿಗೆ, ದೇವಸ್ಥಾನದಲ್ಲಿ ಮಂಗಳಾರತಿ ಆಗುವಾಗ. ಜನ ನಗುತ್ತಿದ್ದರು, ನಾನು ಅವನ ಬಾಯಿ ಮುಚ್ಚುತ್ತಿದ್ದೆ. ಆ ಪುಸ್ತಕದಲ್ಲಿ ಮಕ್ಕಳು ಎಲ್ಲೋ ಕೇಳಿದ ಮಾತನ್ನು ಪದೇ ಪದೇ ಹೇಳುವುದರ ಬಗ್ಗೆ ಓದಿದ ಮೇಲೆ ಎರಡು ವಾರ ಗಮನಿಸಿ ಬರೆದಿಟ್ಟೆ. ಜನ ಮುತ್ತಿಕೊಂಡಾಗ, ಸದ್ದು ಜಾಸ್ತಿಯಾದಾಗ, ಹೊಸ ಜಾಗದಲ್ಲಿ ಅರ್ಧ ಗಂಟೆ ದಾಟಿದಾಗ, ಆವಾಗ ಮಾತ್ರ ಹೇಳುತ್ತಿದ್ದ. "ನನಗೆ ಇಲ್ಲಿಂದ ಇಳಿಯಬೇಕು" ಅಂತ ಅವನು ಎರಡು ವರ್ಷದಿಂದ ಹೇಳುತ್ತಲೇ ಇದ್ದ, ಸ್ಪಷ್ಟವಾಗಿ, ಕನ್ನಡದಲ್ಲಿ, ಮತ್ತು ನಾನು ಅವನ ಬಾಯಿ ಮುಚ್ಚುತ್ತಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಪುಸ್ತಕವನ್ನು ನಾನು ಒಬ್ಬಳೇ ಓದಲಿಲ್ಲ. ಅಡಿಕೆ ಸುಲಿಯುವ ಕಾಲ ಅದು. ರಾತ್ರಿ ಜಗುಲಿಯಲ್ಲಿ ಅತ್ತೆ ಮೆಟ್ಟುಗತ್ತಿ ಮೇಲೆ ಕೂತಿರುತ್ತಿದ್ದರು, ನಾನು ದಿನಕ್ಕೆ ಎರಡು ಪುಟ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಒಂದು ದಿನ ಅತ್ತೆ ಕೈ ನಿಲ್ಲಿಸಿ "ಹಂಗಾರೆ ಅದು ಹಟ ಅಲ್ದನೇ?" ಅಂದರು. ಅಲ್ಲ ಅತ್ತೆ, ಹಟ ಅಲ್ಲ ಅಂದೆ. ಮರುದಿನದಿಂದ ಅವನು ಊಟಕ್ಕೆ ಕೂತಿರುವಾಗ ಮಿಕ್ಸಿ ಹಾಕುವುದನ್ನು ಅವರೇ ನಿಲ್ಲಿಸಿದರು. ನಿಮಗೂ ಇದನ್ನೇ ಹೇಳುತ್ತೇನೆ. ಪುಸ್ತಕ ನಿಮ್ಮೊಬ್ಬರ ತಲೆಯಲ್ಲಿ ಇದ್ದರೆ ಸಾಲದು. ಮಗುವಿನ ಜೊತೆ ಇಡೀ ದಿನ ಇರುವವರು ಯಾರೋ ಅವರ ಕಿವಿಗೆ ಬೀಳಬೇಕು, ಅವರ ಮಾತಿನಲ್ಲೇ ಬೀಳಬೇಕು.

ಎರಡನೆಯದು ಚಿಕ್ಕ ಪುಸ್ತಕ, ನಿಮ್ಮ ಹಾಗೆ ಹೊತ್ತಿಲ್ಲದವರಿಗೆ ಸರಿ. ಜಪಾನಿನ ನಾವೋಕಿ ಹಿಗಾಶಿದಾ 13 ವರ್ಷದವನಿದ್ದಾಗ ಬರೆದ 'ದಿ ರೀಸನ್ ಐ ಜಂಪ್'. ಜಪಾನಿನಲ್ಲಿ 2007ರಲ್ಲಿ ಬಂತು, ಇಂಗ್ಲಿಷಿಗೆ 2013ರಲ್ಲಿ. ಯಾಕೆ ಜಿಗಿಯುತ್ತೀಯ, ಯಾಕೆ ಕಿವಿ ಮುಚ್ಚಿಕೊಳ್ಳುತ್ತೀಯ, ಇಂಥ ಪ್ರಶ್ನೆಗಳು, ಒಂದೆರಡು ಪುಟದ ಉತ್ತರಗಳು. ಅವನು ಅಕ್ಷರದ ಹಲಗೆ ಮುಟ್ಟಿ, ಜೊತೆಗಿದ್ದವರ ನೆರವಿನಿಂದ ಬರೆದವನು, ಆದ್ದರಿಂದ ಎಷ್ಟು ಅವನದೇ ಮಾತು ಅಂತ ಅನುಮಾನ ಪಟ್ಟ ತಜ್ಞರೂ ಇದ್ದಾರೆ. ಅದನ್ನು ತಿಳಿದೇ ಓದಿ. ಮತ್ತೆ, ಅದು ಒಬ್ಬ ಹುಡುಗನ ಮಾತು, ನಿಮ್ಮ ಮಗಳದು ಬೇರೆ ಇರಬಹುದು. ಆದರೂ ಅದನ್ನು ಓದಿದ ಮೇಲೆ ನಾವು ಯಕ್ಷಗಾನಕ್ಕೆ ಹೋಗುವ ರೀತಿ ಬದಲಾಯಿತು. ನಮ್ಮವನಿಗೆ ವೇಷ, ಕಿರೀಟ ಅಂದರೆ ಪ್ರಾಣ, ಚಂಡೆ ಅಂದರೆ ಭಯ. ಈಗ ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ನೋಡುತ್ತೇವೆ, ಆಟ ಶುರುವಾದ ಮೇಲೆ ದೂರದ ಗದ್ದೆ ಅಂಚಿನಲ್ಲಿ ಕೂರುತ್ತೇವೆ, ಸಾಕು ಅಂದಾಗ ಎದ್ದು ಬರುತ್ತೇವೆ.

ನಿಮ್ಮ ಮಗಳಿಗೆ ದನಕರು, ನಾಯಿ ಇಷ್ಟವಾಗಿದ್ದರೆ ಟೆಂಪಲ್ ಗ್ರಾಂಡಿನ್ ಅವರ 'ಥಿಂಕಿಂಗ್ ಇನ್ ಪಿಕ್ಚರ್ಸ್' ಕೂಡ ಓದಿ. ಅವರೇ ಆಟಿಸಂ ಇರುವವರು, ಅಮೆರಿಕದಲ್ಲಿ ಪಶು ವಿಜ್ಞಾನದ ಪ್ರೊಫೆಸರ್. ದನ ಯಾಕೆ ಬೆದರಿ ನಿಲ್ಲುತ್ತದೆ, ಒಂದು ನೆರಳು, ತೂಗಾಡುವ ಒಂದು ಸರಪಳಿ ಅದಕ್ಕೆ ಹೇಗೆ ಕಾಣುತ್ತದೆ ಅನ್ನುವುದನ್ನು ಅವರು ಬೇರೆಯವರಿಗಿಂತ ಬೇಗ ಗುರುತಿಸಿದರು. ಮೊದಲ ಸಲ, 1995ರಲ್ಲಿ, ಆಟಿಸಂ ಇರುವ ಎಲ್ಲರೂ ಚಿತ್ರಗಳಲ್ಲೇ ಯೋಚಿಸುತ್ತಾರೆ ಅಂದುಕೊಂಡಿದ್ದರು. ಆಮೇಲಿನ ಆವೃತ್ತಿಯಲ್ಲಿ ಅದು ತಪ್ಪು ಅಂತ ತಾವೇ ಬರೆದರು. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ. ನಮ್ಮವನು ಎಷ್ಟೇ ರಂಪವಾದರೂ ಕೊಟ್ಟಿಗೆಗೆ ಹೋದರೆ ತಣ್ಣಗಾಗುತ್ತಿದ್ದ. ಓದುವ ಮೊದಲು ನಾವು ಅವನನ್ನು ಸಗಣಿಯಲ್ಲಿ ಕೂರಬೇಡ ಅಂತ ಎಳೆದು ತರುತ್ತಿದ್ದೆವು.

ಕನ್ನಡದಲ್ಲಿ ಏನಿದೆ ಅಂತ ಕೇಳಿದ್ದೀರಿ. ಬೇಕಾದಷ್ಟು ಇಲ್ಲ. ಆದರೆ ಏನೂ ಇಲ್ಲ ಅಂತಲೂ ಅಲ್ಲ. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ತುಂಬ ಬರೆದಿದ್ದಾರೆ. ಮಾವನಿಗೆ, ನಿಮಗೆ, ಇಬ್ಬರಿಗೂ ಬೇಕಾದದ್ದು ಅವರ ಪುಸ್ತಕಗಳಲ್ಲಿ ಸಿಗುತ್ತದೆ. ತೆಳ್ಳಗಿವೆ, ಬೆಲೆ ಕಡಿಮೆ, ಲೈಬ್ರರಿಯಲ್ಲೂ ಕೇಳಿ ನೋಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾತು ಮತ್ತು ಕೇಳಿಸುವಿಕೆಯ ಕೆಲಸವನ್ನೇ ಮಾಡುತ್ತಿದೆ. ಜನಸಾಮಾನ್ಯರಿಗೆ ಅಂತ ಅವರು ಕನ್ನಡದಲ್ಲಿ ಮಾಡಿರುವ ಚಿಕ್ಕ ಹಾಳೆಗಳು ಮನೆಯ ಹಿರಿಯರಿಗೆ ಓದಲು ಚೆನ್ನಾಗಿವೆ. ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತ, ಮೊಬೈಲಿನಲ್ಲೇ ಓದಬಹುದು. ನನ್ನ ದೊಡ್ಡ ಮಗಳಿಗೆ ಇವು ಬಹಳ ಆಸರೆಯಾದವು. ನಿಮ್ಮ ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದರ ಜೊತೆ ದಿನಾ ಹತ್ತು ನಿಮಿಷವಾದರೂ ಓದಿ. ಆ ಮಕ್ಕಳು ಬಾಯಿ ಬಿಟ್ಟು ಕೇಳುವುದಿಲ್ಲ.

ಯಾವುದನ್ನು ಓದಬಾರದು ಅನ್ನುವುದೂ ಅಷ್ಟೇ ಮುಖ್ಯ. ಇಷ್ಟು ದಿನದಲ್ಲಿ ಪೂರ್ತಿ ಗುಣ ಅನ್ನುವ ಯಾವ ಪುಸ್ತಕವನ್ನೂ, ವಿಡಿಯೋವನ್ನೂ ನಂಬಬೇಡಿ. ನಾವು ಒಬ್ಬರ ಪುಡಿಗೆ ಒಂದು ವರ್ಷ ಹಣ ಸುರಿದೆವು, ಮಗನಿಗೆ ಹೊಟ್ಟೆನೋವು ಬಂತು, ಅಷ್ಟೇ. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. 1998ರಲ್ಲಿ ಬಂದ ಯಾವ ಲೇಖನದಿಂದ ಅದು ಹಬ್ಬಿತೋ ಆ ಲೇಖನವನ್ನು ಅದನ್ನು ಅಚ್ಚು ಹಾಕಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಇನ್ನೊಂದು, ತಾಯಿಯ ಮೇಲೆ ತಪ್ಪು ಹೊರಿಸುವ ಪುಸ್ತಕ. ತಾಯಿ ಪ್ರೀತಿ ಕೊಡದಿದ್ದರೆ ಹೀಗಾಗುತ್ತದೆ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡವರೇ ಬರೆದರು. ಬರ್ನಾರ್ಡ್ ರಿಮ್ಲಂಡ್ ಅನ್ನುವ ಮನೋವಿಜ್ಞಾನಿ, ಆಟಿಸಂ ಇದ್ದ ಹುಡುಗನ ತಂದೆ, 1964ರಲ್ಲೇ ಅದು ಸುಳ್ಳು, ಇದು ಹುಟ್ಟಿನಿಂದ ಮಿದುಳಿನಲ್ಲಿರುವ ಸಂಗತಿ ಅಂತ ಪುಸ್ತಕ ಬರೆದರು. ನಮ್ಮೂರಿನಲ್ಲಿ ಇನ್ನೂ "ಮೊಬೈಲ್ ಕೊಟ್ಟು ಕೊಟ್ಟು ಹೀಗಾಯಿತು" ಅನ್ನುತ್ತಾರೆ. ನಿಮಗೂ ಅಂದಿರುತ್ತಾರೆ. ನಿಮ್ಮಿಂದ ಆದದ್ದಲ್ಲ ಇದು.

ನ್ಯೂರೋಡೈವರ್ಸಿಟಿ ಅನ್ನುವ ಶಬ್ದವೂ ನೀವು ಓದುವ ಕಡೆಯೆಲ್ಲ ಸಿಗುತ್ತದೆ. 1990ರ ದಶಕದ ಕೊನೆಗೆ, ಹೆಚ್ಚಾಗಿ ಆಟಿಸಂ ಇರುವವರ ನಡುವೆಯೇ ಹುಟ್ಟಿದ ಮಾತು. ಮಿದುಳುಗಳು ನಾನಾ ಬಗೆ, ಒಂದೇ ಬಗೆಯದು ಸರಿ, ಉಳಿದವು ಕೆಟ್ಟವು ಅಂತಲ್ಲ ಅನ್ನುವುದು ಅದರ ಅರ್ಥ. ನಾನು ಅದನ್ನು ಒಪ್ಪುತ್ತೇನೆ. ಆದರೆ ಕೆಲವು ಪುಸ್ತಕಗಳು ಇಂಥ ಮಕ್ಕಳೆಲ್ಲ ಲೆಕ್ಕದಲ್ಲಿ, ಚಿತ್ರದಲ್ಲಿ ಮಹಾ ಜಾಣರು ಅಂತ ಬರೆಯುತ್ತವೆ. ನನ್ನ ಮಗ ಹಾಗಿಲ್ಲ. ಅವನಿಗೆ ಈಗಲೂ ಸ್ನಾನಕ್ಕೆ ಜೊತೆಗೆ ಒಬ್ಬರು ಬೇಕು. ಯಾವ ಜಾಣತನವನ್ನೂ ತೋರಿಸದೆ, ಸುಮ್ನೆ ಅವನಾಗಿಯೇ ಇದ್ದರೂ ಅವನಿಗೆ ಮರ್ಯಾದೆ ಸಿಗಬೇಕು ಅಲ್ವಾ? ಅದನ್ನು ಹೇಳುವ ಪುಸ್ತಕವೇ ನನಗೆ ಬೇಕು.

ಈಗ ಮಾವನ ವಿಷಯ. ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಬರೆದ 'ದಿ 36-ಅವರ್ ಡೇ' ತರಿಸಿ. 1981ರಲ್ಲಿ ಮೊದಲು ಬಂದದ್ದು, ಆಗಾಗ ತಿದ್ದಿ ಹೊಸದು ಮಾಡುತ್ತಾರೆ, ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಿ. ದಪ್ಪಗಿದೆ, ಪೂರ್ತಿ ಓದಬೇಕಾಗಿಲ್ಲ. ಸ್ನಾನ ಬೇಡ ಅಂದರೆ, ರಾತ್ರಿ ನಿದ್ದೆ ಮಾಡದಿದ್ದರೆ, ಮನೆ ಬಿಟ್ಟು ಹೊರಟರೆ, ಯಾರೋ ಕದ್ದರು ಅಂದರೆ, ಆ ದಿನ ಏನು ಬೇಕೋ ಆ ಭಾಗ ತೆಗೆದು ಓದಿ. ಚಿಕ್ಕ ಕಾರಣಕ್ಕೆ ದೊಡ್ಡದಾಗಿ ಸಿಡಿಯುವುದರ ಬಗ್ಗೆ ಅದರಲ್ಲಿ ಬರೆದಿರುವುದನ್ನು ಮಾತ್ರ ಮೊದಲೇ ಓದಿಟ್ಟುಕೊಳ್ಳಿ. ಒಂದೇ ಸಲಕ್ಕೆ ಎರಡು ಮೂರು ಕೆಲಸ ಹೇಳಿದರೆ ಮರೆವಿನವರಿಗೆ ತಲೆ ಗೊಂದಲವಾಗಿ ಸಿಟ್ಟು ಬರುತ್ತದೆ, ಅದು ಸ್ವಭಾವ ಕೆಟ್ಟದ್ದಲ್ಲ. ಅದನ್ನು ಓದುವಾಗ ನನಗೆ ಮಗನ ಪುಸ್ತಕವನ್ನೇ ಮತ್ತೆ ಓದಿದ ಹಾಗಾಯಿತು. ಯಾಕೆ ಮಾಡುತ್ತಿದ್ದಾರೆ ಅಂತ ಮೊದಲು ಕೇಳು. ನಾಲ್ಕು ವರ್ಷಕ್ಕೂ ಅದೇ, ಎಂಬತ್ತಕ್ಕೂ ಅದೇ.

ಅತ್ತೆ ಸಂಜೆಯಾದರೆ "ಮನೆಗೆ ಹೋಗ್ತೆ" ಅನ್ನುತ್ತಿದ್ದರು, 50 ವರ್ಷ ಬಾಳಿದ ಮನೆಯ ಜಗುಲಿಯಲ್ಲೇ ಕೂತು. ಇದೇ ನಿಮ್ಮ ಮನೆ ಅಂತ ನಾವು ವಾದ ಮಾಡುತ್ತಿದ್ದೆವು, ಅವರು ಅಳುತ್ತಿದ್ದರು. ಮಗನಿಗೆ ಆಗ 12. ಒಂದು ಸಂಜೆ ಅವನು ಎದ್ದು ಬಂದು "ಯಾರ್ರೀ ಇಳಿಯೋರು" ಅಂದು ಅವರ ಕೈ ಹಿಡಿದ. ಇಬ್ಬರೂ ಅಂಗಳ ದಾಟಿ, ದಣಪೆಯವರೆಗೆ ಹೋಗಿ, ಕೊಟ್ಟಿಗೆ ಸುತ್ತಿ ವಾಪಸ್ಸು ಬಂದರು. ಅತ್ತೆ ಕೂತು ಚಹಾ ಕುಡಿದರು. ಆಮೇಲೆ ದಿನಾ ಸಂಜೆ ಅದೇ ಕೆಲಸ, ಅವರಿಗೆ ನಡೆಯಲು ಆಗುವವರೆಗೂ.

ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ನಾನೂ ಹಾಗೇ ಇದ್ದೆ, ಒಂದು ಮಳೆಗಾಲ ಬೆಳಿಗ್ಗೆ ಏಳಲೇ ಆಗದೆ ಮಲಗಿದೆ. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ ಅಲ್ವಾ, ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಡಾ. ವಿಕ್ರಮ್ ಪಟೇಲ್ ಅವರ 'ವೇರ್ ದೇರ್ ಈಸ್ ನೋ ಸೈಕಿಯಾಟ್ರಿಸ್ಟ್' ಅನ್ನುವ ಪುಸ್ತಕ ಇದೆ, 2003ರದು. ಮನೋವೈದ್ಯರು ಹತ್ತಿರ ಇಲ್ಲದ ಊರಿನ ಆರೋಗ್ಯ ಕಾರ್ಯಕರ್ತರಿಗಾಗಿ ಬರೆದದ್ದು. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ತೋರಿಸಿ. ಓದಲೂ ಆಗದ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ಸರ್ಕಾರದ್ದು, ಹಣ ಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಇನ್ನು ಕಾನೂನು, ಬೇಗ ಹೇಳಿ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ನಮ್ಮ ಮಗನನ್ನು ಒಂದು ಶಾಲೆ ಬೇಡ ಅಂದಾಗ ಈ ಕಾಯ್ದೆ ಗೊತ್ತಿಲ್ಲದೆ ತಲೆ ತಗ್ಗಿಸಿ ಬಂದಿದ್ದೆವು, ನೀವು ಹಾಗೆ ಬರಬೇಡಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಮಾತಿನ ತರಬೇತಿಯ ಖರ್ಚಿಗೂ ಸಿಗುತ್ತದೆ. ಮಗುವಿಗೆ 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಅದರ ಪರವಾಗಿ ನಿರ್ಧಾರ ಮಾಡುವ ಕಾನೂನಿನ ಪೋಷಕರಲ್ಲ. ಬೇಕಾದರೆ ಜಿಲ್ಲಾಧಿಕಾರಿಯ ಸಮಿತಿಗೆ ಅರ್ಜಿ ಹಾಕಬೇಕು. ನಾವು ಈ ವರ್ಷ ಅದಕ್ಕೇ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಓಡಾಡುತ್ತಿದ್ದೇವೆ. ನಿಮಗೆ ಇನ್ನೂ 14 ವರ್ಷ ಇದೆ, ಸುಮ್ನೆ ಗೊತ್ತಿರಲಿ.

ಇವತ್ತು ಪುಸ್ತಕ ಕೈಗೆ ಬರುವ ಮೊದಲೇ ಒಂದು ಕೆಲಸ ಶುರು ಮಾಡಬಹುದು. 200 ಪುಟದ ಒಂದು ನೋಟ್‌ಬುಕ್ ತನ್ನಿ. ಎಡಗಡೆ ಪುಟದಲ್ಲಿ ಮಗಳು, ಬಲಗಡೆ ಮಾವ. ಏನಾಯಿತು, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಯಾವುದರಿಂದ ಸಮಾಧಾನವಾಯಿತು, ಇಷ್ಟೇ, ದಿನಕ್ಕೆ ಎರಡು ಸಾಲು. ನಾನು ಧಾರವಾಡಕ್ಕೆ ಡಾಕ್ಟರ ಹತ್ತಿರ ಹೋಗುವಾಗ ಅದನ್ನೇ ಒಯ್ಯುತ್ತಿದ್ದೆ. ಹದಿನೈದು ನಿಮಿಷದಲ್ಲಿ ಬಾಯಲ್ಲಿ ಹೇಳಲಾಗದ್ದು ಅದರಲ್ಲಿ ಇರುತ್ತಿತ್ತು. ಎರಡು ವಾರ ಬರೆದ ಮೇಲೆ, ನಿಮ್ಮ ಮಗಳು ಪದೇ ಪದೇ ಮಾಡುವ ಒಂದು ಸಂಗತಿ ಯಾವುದು ಅಂತ ನನಗೆ ತಿಳಿಸಿ. ಅವಳು ಏನು ಹೇಳುತ್ತಿರಬಹುದು ಅಂತ ಇಬ್ಬರೂ ಕೂತು ಯೋಚಿಸೋಣ.