ಕನ್ನಡ ಮಾಧ್ಯಮದ ಹುಡುಗಿ ಏರೋನಾಟಿಕಲ್ ಇಂಜಿನಿಯರಿಂಗ್ ನಿಭಾಯಿಸುತ್ತಾಳಾ?

ಶಿರಾ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ನಿಮ್ಮ ತಂಗಿಗೆ ಏರೋನಾಟಿಕಲ್, ಅಂದರೆ ವಿಮಾನದ ಇಂಜಿನಿಯರಿಂಗ್, ಬೇಕಂತೆ. ಸೀಟು ಸಿಕ್ಕಿದರೂ ಅಲ್ಲಿ ಉಳಿಯುತ್ತಾಳಾ, ಇಂಥವರಿಗೆ ಕಾಲೇಜುಗಳು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಗುಬ್ಬಿ ತಾಲ್ಲೂಕಿನವನು, ಇದೇ ವಿಷಯ ಪಾಠ ಮಾಡುತ್ತೇನೆ. ಉಳಿಯುತ್ತಾಳೆ. ಆದರೆ ಅದು ಅವಳ ಜಾಣತನಕ್ಕಿಂತ ಕಾಲೇಜಿನ ಲ್ಯಾಬ್ ಹೇಗೆ ನಡೆಯುತ್ತದೆ ಅನ್ನೋದರ ಮೇಲೆ ಜಾಸ್ತಿ ನಿಂತಿದೆ.

ಸೀಟಿನ ವಿಚಾರ ಬೇಗ ಮುಗಿಸುತ್ತೇನೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲೆಯ ಪ್ರಮಾಣಪತ್ರ, ಅದರ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಅದನ್ನು ಈಗಲೇ ಮಾಡಿಸಿಡಿ, ಕೊನೆ ಗಳಿಗೆಯಲ್ಲಿ ಓಡಾಟ ಬೇಡ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಮನೆಯ ವರಮಾನ 8 ಲಕ್ಷದೊಳಗಿರಬೇಕು. ಅಂಗವೈಕಲ್ಯ ಇರುವವರಿಗೆ ಸಕ್ಷಮ್ ಅಂತ ಇಂಥದ್ದೇ ಇನ್ನೊಂದಿದೆ.

ಬಾಗಿಲು ದಾಟಿದ ಮೇಲೆ ಏನಾಗುತ್ತದೆ ಅನ್ನೋದನ್ನು ಯಾರೂ ನೋಡಲ್ಲ. ವಿಂಡ್ ಟನಲ್ ಲ್ಯಾಬನ್ನೇ ತಗೊಳ್ಳಿ, ಫ್ಯಾನಿನಿಂದ ಗಾಳಿ ಹಾಯಿಸಿ ಮಾಡೆಲ್ ಪರೀಕ್ಷಿಸುವ ಸುರಂಗ ಅದು. ಒಂದು ಬ್ಯಾಚಿನಲ್ಲಿ ನಾಲ್ಕೈದು ಜನ. ರೆಕ್ಕೆಯ ಮಾಡೆಲ್ ಕೂರಿಸಬೇಕು, ಫ್ಯಾನಿನ ವೇಗ ಹೊಂದಿಸಬೇಕು, ಗಾಳಿಗೆ ರೆಕ್ಕೆಯ ಕೋನ ಬದಲಿಸುತ್ತಾ ಮ್ಯಾನೋಮೀಟರ್ (ಒತ್ತಡ ಅಳೆಯುವ ಕೊಳವೆಗಳು) ರೀಡಿಂಗ್ ಬರೆಯಬೇಕು. ಸ್ಪ್ಯಾನರ್ ಹಿಡಿಯೋನು ಪ್ರತಿ ವಾರ ಅದೇ ಹುಡುಗ, ಮನೆಯಲ್ಲಿ ಬೈಕ್ ಬಿಚ್ಚಿ ಅಭ್ಯಾಸ ಇರೋನು. ಹುಡುಗಿಗೆ "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಅಂತಾರೆ. ಯಾರಲ್ಲೂ ಕೆಟ್ಟ ಬುದ್ಧಿ ಇಲ್ಲ, ಹಾಗೇ ನಡೆದುಬಂದಿದೆ. ಇಂಗ್ಲಿಷಿಗೆ ಹೆದರುವ ಹಳ್ಳಿ ಹುಡುಗನ ಕಥೆಯೂ ಅಷ್ಟೇ. ಹಿಂದೆ ನಿಂತು ನೋಡುತ್ತಾನೆ, ಆಮೇಲೆ ರೆಕಾರ್ಡ್ ಕಾಪಿ ಹೊಡೆಯುತ್ತಾನೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕೋನ ಏರಿಸುತ್ತಾ ಹೋದಂತೆ ಲಿಫ್ಟ್, ಅಂದರೆ ರೆಕ್ಕೆಯನ್ನು ಮೇಲಕ್ಕೆತ್ತುವ ಬಲ, ಏರುತ್ತದೆ. ಸಾಮಾನ್ಯ ರೆಕ್ಕೆಯಲ್ಲಿ ಸುಮಾರು 15 ಡಿಗ್ರಿ ಹತ್ತಿರ ಬಂದಾಗ ಮೇಲ್ಭಾಗದ ಗಾಳಿ ರೆಕ್ಕೆಯ ಮೈ ಬಿಟ್ಟುಬಿಡುತ್ತದೆ. ಲಿಫ್ಟ್ ಕುಸಿಯುತ್ತದೆ. ಇದೇ ಸ್ಟಾಲ್. ರೆಕ್ಕೆಯ ಮೇಲ್ಭಾಗಕ್ಕೆ ಜೋಡಿಸಿದ, ಅಲ್ಲಿಯವರೆಗೆ ಏರುಪೇರಾಗಿದ್ದ ಮ್ಯಾನೋಮೀಟರ್ ಕೊಳವೆಗಳ ಮಟ್ಟ ಆಗ ಹೆಚ್ಚುಕಡಿಮೆ ಸಮ ಆಗುತ್ತದೆ. ತನ್ನ ಕೈಯಾರೆ ಕೋನ ತಿರುಗಿಸಿ ಅದನ್ನು ನೋಡಿದವಳು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಡವರಿಸಲ್ಲ. ಅಂಕಿ ಬರೆದುಕೊಂಡವಳಿಗೆ ಅದು ಬರೀ ಅಂಕಿ.

ನನ್ನ ಲ್ಯಾಬಿನಲ್ಲಿ ಒಬ್ಬೊಬ್ಬರ ಕೆಲಸ ವಾರ ವಾರ ಬದಲಾಗುತ್ತದೆ. ಯಾರು ಏನು ಮಾಡಿದರು ಅಂತ ರೆಕಾರ್ಡಿನಲ್ಲೇ ಬರೆಯಬೇಕು, ವೈವಾದಲ್ಲಿ ಅದರ ಮೇಲೇ ಪ್ರಶ್ನೆ. ಕಾಲೇಜಿಗೆ ಒಂದು ಪೈಸೆ ಖರ್ಚಿಲ್ಲ. ಮೊದಮೊದಲು ಜೋರಿನ ಹುಡುಗರು ಗೊಣಗುತ್ತಾರೆ. ಗೊಣಗಲಿ ಬಿಡಿ.

ಭಾಷೆಗೆ ನಾನು ಮಾಡೋದು ಇಷ್ಟೇ. ಮೊದಲ ವರ್ಷಗಳಲ್ಲಿ ವೈವಾ ಉತ್ತರ ಕನ್ನಡದಲ್ಲಿ ಹೇಳಿದರೂ ಪೂರ್ತಿ ಅಂಕ. ನಮ್ಮಲ್ಲಿ ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕಲ್ವಾ, ಅದಕ್ಕೆ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ತರಬೇಕು. ಇಸ್ರೋ ಅಧ್ಯಕ್ಷರಾಗಿದ್ದ ಕೆ. ಸಿವನ್ ರೈತರ ಮಗ, ತಮಿಳು ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದವರು. 1980ರಲ್ಲಿ ಏರೋನಾಟಿಕಲ್ ಪದವಿ ಪಡೆದರು. ತಂಗಿಗೆ ಇದನ್ನು ಹೇಳಿ. ಹಾಗಂತ ಅವರಂತೆ ಒಬ್ಬೊಬ್ಬರೇ ಒದ್ದಾಡಿ ಮೇಲೆ ಬರಲಿ ಅಂತ ಕಾಲೇಜು ಕೈಕಟ್ಟಿ ಕೂರಬಾರದು.

ಸಣ್ಣ ವಿಮಾನದ ಮಾಡೆಲ್ ಕಟ್ಟಿ ಹಾರಿಸುವ ಏರೋಮಾಡೆಲಿಂಗ್ ಕ್ಲಬ್ಬುಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಕಲಿಕೆಯೆಲ್ಲ ಅಲ್ಲೇ, ಇಂಟರ್ನ್‌ಶಿಪ್ ಸಂದರ್ಶನದಲ್ಲಿ ತೋರಿಸೋಕೆ ಇರೋದೂ ಅದೇ. ಆದರೆ ಕೆಲಸ ಶುರುವಾಗೋದು ರಾತ್ರಿ. ಹುಡುಗಿಯರ ಹಾಸ್ಟೆಲ್ ಗೇಟು ಅಷ್ಟೊತ್ತಿಗೆ ಹಾಕಿರುತ್ತಾರೆ. ದಿನಾ ಬಸ್ಸಿನಲ್ಲಿ ಓಡಾಡೋರು ಸಂಜೆಯೇ ಹೊರಟಿರುತ್ತಾರೆ. ಬಾಲ್ಸಾ ಮರ, ಸರ್ವೋ ಮೋಟಾರ್, ಬ್ಯಾಟರಿಗೆ ತಲೆಗಿಷ್ಟು ಅಂತ ದುಡ್ಡು ಬೇರೆ. ಸಾಮಾನು ಕಾಲೇಜೇ ಕೊಟ್ಟು, ವಾರದಲ್ಲಿ ಒಂದು ಮಧ್ಯಾಹ್ನ ಟೈಮ್‌ಟೇಬಲ್ಲಿನಲ್ಲೇ ಕ್ಲಬ್ಬಿಗೆ ಬಿಟ್ಟುಕೊಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ಇನ್ನು ಸಿಮ್ಯುಲೇಶನ್ ಲ್ಯಾಬನ್ನು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಹಾಕಿ, ವೀಲ್‌ಚೇರ್‌ನವರಿಗೂ ಸ್ವಾಗತ ಅಂತ ಬ್ರೋಷರಿನಲ್ಲಿ ಅಚ್ಚು ಹಾಕಿಸೋರಿಗೆ ಏನು ಹೇಳೋದು?

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದ ಮೇಲೆ ನಮ್ಮ ಕಡೆ ಎಲ್ಲರಿಗೂ ಈ ಕೋರ್ಸಿನ ಮೇಲೆ ಕಣ್ಣು. ಪಕ್ಕದಲ್ಲೇ ಕಾರ್ಖಾನೆ ಇದೆ ಅಂತ ಕೆಲಸ ತಾನಾಗೇ ಬರಲ್ಲ. ಅಲ್ಲಿಗೆ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಡಿಪ್ಲೊಮಾ, ಐಟಿಐನವರೂ ಬೇಕು. ತಂಗಿಗೆ ವಿಮಾನವೇ ಬೇಕು ಅಂತಿದ್ದರೆ ಸೇರಿಸಿ. ಕೆಲಸವಷ್ಟೇ ಬೇಕು ಅಂದರೆ ಮೆಕ್ಯಾನಿಕಲ್ ಓದಿಯೂ ಈ ಕಡೆ ಬರಬಹುದು.

ಸಿಇಟಿಯಲ್ಲಿ ಯಾವ ಕಾಲೇಜು, ಕೋರ್ಸು ಬೇಕು ಅಂತ ತುಂಬುವ ಆಪ್ಷನ್ ಎಂಟ್ರಿಗೆ ಮುಂಚೆ ಅವಳನ್ನು ಕರೆದುಕೊಂಡು ಕಾಲೇಜಿಗೆ ಒಮ್ಮೆ ಹೋಗಿ. ಪ್ಲೇಸ್‌ಮೆಂಟ್ ಬೋರ್ಡ್ ಆಮೇಲೆ ನೋಡಿ. ಮೂರನೇ ವರ್ಷದ ಹುಡುಗಿಯರನ್ನು ಹುಡುಕಿ, ವಿಂಡ್ ಟನಲ್ ಲ್ಯಾಬಿನಲ್ಲಿ ನೀವು ಏನು ಮಾಡ್ತೀರಿ ಅಂತ ತಂಗಿ ಕೈಲೇ ಕೇಳಿಸಿ. "ರೀಡಿಂಗ್ ಬರೀತೀವಿ" ಅಂತ ಮಾತ್ರ ಅಂದರೆ ಇನ್ನೊಂದು ಕಾಲೇಜು ನೋಡಿ.